ಬೆಲೆ ಏರಿದರೂ ಜನ ಕೊಳ್ಳುವುದು ಬಿಡುವುದಿಲ್ಲ, ನಿಜವಾ?

ಲೆಕ್ಕದಹುಳು: ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಅಂತ ಓದಿದ್ದೇವೆ. ಆದರೆ ಪೆಟ್ರೋಲ್ ದುಬಾರಿಯಾದಾಗಲೆಲ್ಲ ಜನ ಬೈಯುತ್ತಾರೆ, ಬೈಯುತ್ತಲೇ ಹಾಕಿಸಿಕೊಳ್ಳುತ್ತಾರೆ. ಈ ನಿಯಮ ಪುಸ್ತಕಕ್ಕಷ್ಟೇ ಸರಿಯಾ?

ಮುಂಗಾರು: ಎಷ್ಟು ಕಾಲ ನೋಡಿ ಹೇಳುತ್ತಿದ್ದೀರಿ? 1973ರ ಕೊನೆಯಿಂದ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ತಕ್ಷಣಕ್ಕೆ ಬಳಕೆ ಇಳಿದದ್ದು ಸ್ವಲ್ಪವೇ. ಇರುವ ಕಾರು ಅದೇ, ಕೆಲಸಕ್ಕೆ ಹೋಗುವ ದೂರವೂ ಅದೇ, ಏನು ಮಾಡೋಕಾಗುತ್ತೆ? ಆಮೇಲೆ ಸಣ್ಣ ಕಾರುಗಳು ಬಂದವು, 1975ರಲ್ಲಿ ಅಮೆರಿಕ ಮೈಲೇಜ್ ಕಾನೂನು ತಂದಿತು, ವಿದ್ಯುತ್ ಸ್ಥಾವರಗಳು ತೈಲ ಬಿಟ್ಟು ಕಲ್ಲಿದ್ದಲು, ಅಣುಶಕ್ತಿಯ ಕಡೆ ಹೋದವು. 1979ರಲ್ಲಿ ಬೆಲೆ ಮತ್ತೆ ಏರಿತು. 80ರ ದಶಕದ ಮೊದಲ ವರ್ಷಗಳಲ್ಲಿ ಇಡೀ ಜಗತ್ತಿನ ತೈಲ ಬಳಕೆಯೇ ಇಳಿಯಿತು.

ತಕ್ಕಡಿ: ಆಗ ಆರ್ಥಿಕ ಹಿಂಜರಿತವೂ ಇತ್ತಲ್ವಾ? ಜನರ ಕೈಯಲ್ಲಿ ದುಡ್ಡಿರಲಿಲ್ಲ, ಜೊತೆಗೆ ಕಾನೂನು ಬೇರೆ. ಎಲ್ಲವನ್ನೂ ಸುಮ್ನೆ ಬೆಲೆಯ ಲೆಕ್ಕಕ್ಕೆ ಬರೆದರೆ ಹೇಗೆ?

ಮುಂಗಾರು: ಕಾನೂನು ಬಂದದ್ದೇ ಬೆಲೆಯ ಬಿಸಿ ತಟ್ಟಿದ್ದರಿಂದ. 1986ರಲ್ಲಿ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು, ಆದಾಯವೂ ಚೇತರಿಸಿಕೊಂಡಿತ್ತು. ಆದರೂ ತೈಲ ಕುಡಿಯುವ ಆ ಹಳೇ ಎಂಜಿನ್‌ಗಳು ವಾಪಸ್ ಬರಲಿಲ್ಲ, ತೈಲ ಬಿಟ್ಟ ಸ್ಥಾವರಗಳೂ ಅಷ್ಟೇ. ಏರುವಾಗ ಬಿಟ್ಟಷ್ಟನ್ನು ಜನ ಇಳಿಯುವಾಗ ಹಿಂದಕ್ಕೆ ತಗೊಳ್ಳುವುದಿಲ್ಲ.

ಬೀಗದಕೈ: ಬೆಲೆ ಏರಿದಾಗ ಬಳಕೆ ಇಳಿಯುವುದು "ಮೊದಲು ಕಮ್ಮಿ, ಆಮೇಲೆ ಜಾಸ್ತಿ" ಅಂತ ಎಲ್ಲದಕ್ಕೂ ಅನ್ನಬೇಡಿ. ವಾಷಿಂಗ್ ಮೆಷಿನ್ ಬೆಲೆ ಏರಲಿ, ಖರೀದಿ ತಕ್ಷಣ ಬೀಳುತ್ತದೆ, ಹಳೇದೇ ಇನ್ನೊಂದು ವರ್ಷ ಓಡಲಿ ಅಂತ. ಅದು ಕೆಟ್ಟು ನಿಂತಾಗ ಕೊಳ್ಳಲೇಬೇಕು. ಇಲ್ಲಿ ಮೊದಲ ಪೆಟ್ಟೇ ದೊಡ್ಡದು.

ಲೆಕ್ಕದಹುಳು: ಸರಿ, ಆದಾಯದ ಕಥೆ? ಸಂಬಳ ಏರಿದರೆ ಎಲ್ಲ ಖರ್ಚೂ ಅದೇ ಲೆಕ್ಕದಲ್ಲಿ ಏರುತ್ತಾ?

ಬೀಗದಕೈ: ಇಲ್ಲ. ಆದಾಯ ಏರಿದಂತೆ ಆಹಾರಕ್ಕೆ ಹೋಗುವ ಪಾಲು ಇಳಿಯುತ್ತದೆ ಅಂತ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ. ಪಾಲು ಅಂದೆ, ಮೊತ್ತ ಅಲ್ಲ, ಮೊತ್ತ ಏರಬಹುದು. ಇನ್ನೊಂದು, ಒಮ್ಮೆ ಬಂದ ಬೋನಸ್ಸೂ ಕಾಯಂ ಆಗಿ ಏರಿದ ಸಂಬಳವೂ ಒಂದೇ ಅಲ್ಲ. ಜನ ಖರ್ಚು ಮಾಡುವುದು ಮುಂದೆಯೂ ಬರುತ್ತದೆ ಅಂತ ನಂಬಿದ ಆದಾಯ ನೋಡಿ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ವಾದಿಸಿದ.

ತಕ್ಕಡಿ: ಅದು ಕೈಯಲ್ಲಿ ಉಳಿತಾಯ ಇದ್ದವರ ಮಾತು. ಸಾಲ ಹುಟ್ಟದವನು ಬೋನಸ್ಸನ್ನು ಆ ತಿಂಗಳೇ ಮುಗಿಸುತ್ತಾನೆ, ತಡೆದಿಟ್ಟ ಖರ್ಚುಗಳು ಸಾಲಾಗಿ ಕಾಯುತ್ತಿರುತ್ತವೆ. ಆದಾಯ ಇಳಿದಾಗಲೂ ನೋಡಿ, ಉಳಿತಾಯ ಇದ್ದವರು ಮೊದಲು ಅದನ್ನು ಕರಗಿಸುತ್ತಾರೆ, ಆಮೇಲೆ ಸಾಲ ಮಾಡುತ್ತಾರೆ, ರೂಢಿಯಾದ ಖರ್ಚಿಗೆ ಕೈ ಹಾಕುವುದು ಕೊನೆಗೆ. ಇಲ್ಲದವರು ಅದೇ ವಾರ ಕಡಿತ ಮಾಡುತ್ತಾರೆ. ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದರೆ ಬರುವ ಅಂಕಿ ಯಾರದ್ದು?