‘ಹೊರಗಾದಾಗ’, ‘ಹೊರಕಡೆ’, ‘ನೆಗೆಟಿವ್’: ಕರುಳಿನ ಎಂಡೊಮೆಟ್ರಿಯೋಸಿಸ್ ದಾಖಲೆಯ ಪದಗಳು

ಪ್ರಶ್ನೆ: ಕರುಳಿನ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಕರುಳಿನ ಗೋಡೆಯಲ್ಲಿ ಬೆಳೆಯುವ ರೋಗ) ಶಂಕೆ ಇರುವವರಿಗಾಗಿ ಕನ್ನಡದಲ್ಲಿ ಪ್ರಶ್ನಾವಳಿ ಸಿದ್ಧವಾಗುತ್ತಿದೆ. ‘ಡಿಸ್ಕೀಸಿಯಾ’ಕ್ಕೆ ‘ಮಲಬದ್ಧತೆ’ ಆಗಬಹುದೇ? ಸ್ಕ್ಯಾನ್ ವರದಿಯ ‘ನಾಡ್ಯೂಲ್’ಗೆ ‘ಗೆಡ್ಡೆ’ ಸರಿಯೇ?

ಉತ್ತರ: ಎರಡೂ ಬೇಡ. ಮಲಬದ್ಧತೆ ಎಂದರೆ ಮೋಷನ್ ಸರಿಯಾಗಿ ಆಗದಿರುವುದು; ಇಲ್ಲಿ ಕೇಳಬೇಕಾದದ್ದು ಹೋಗುವಾಗಿನ ನೋವು, ಅದರಲ್ಲೂ ಅದು ಮುಟ್ಟಿನ ದಿನಗಳಲ್ಲಿ ಏರುತ್ತದೆಯೇ ಎಂಬುದು. ರೋಗದ ಸುಳಿವೇ ಅದು. ಆದರೆ ನಮ್ಮ ಮರೆಮಾತುಗಳು ಇಲ್ಲಿ ಕಾಲಿಗೆ ತೊಡರುತ್ತವೆ. ‘ಹೊರಗಾದಾಗ’ ಎಂದರೆ ಮುಟ್ಟು, ‘ಹೊರಕಡೆ’ ಎಂದರೆ ಮಲವಿಸರ್ಜನೆ. ‘ಹೊರಗೆ ಹೋದ್ರೆ ನೋವು’ ಎಂದದ್ದನ್ನು ‘ಹೊಟ್ಟೆನೋವು’ ಎಂದು ಬರೆದುಕೊಂಡರೆ ಕಾಲವೂ ಹೋಯಿತು, ಜಾಗವೂ ಹೋಯಿತು. ಹೀಗೆ ಕೇಳಿ: ‘ಮುಟ್ಟಿನ ದಿನಗಳಲ್ಲಿ ಮೋಷನ್‌ಗೆ ಕೂತಾಗ ನೋವು ಎಷ್ಟು? ಉಳಿದ ದಿನಗಳಲ್ಲಿ ಎಷ್ಟು?’ 0ರಿಂದ 10ರವರೆಗೆ, ಎರಡಕ್ಕೂ ಬೇರೆ ಬೇರೆ ಚೌಕ. ಮಲದಲ್ಲಿ ರಕ್ತ ಕಂಡ ತಾರೀಖನ್ನೂ ಬರೆಸಿ. ಇಲ್ಲದಿದ್ದರೆ ಅದು ಸುಮ್ಮನೆ ‘ಮೂಲವ್ಯಾಧಿ’ಯ ಖಾತೆಗೆ ಹೋಗುತ್ತದೆ.

‘ಗೆಡ್ಡೆ’ ಎಂದೊಡನೆ ಓದುವವರಿಗೆ ಕಾಣುವುದು ಕ್ಯಾನ್ಸರ್. ‘ಗಂಟು’ ಸಾಕು. ಆದರೆ ‘ಕರುಳಲ್ಲಿ ಗಂಟಿದೆ’ ಎಂದಷ್ಟೇ ಬರೆದರೆ ಸರ್ಜನ್‌ಗೆ ಉಪಯೋಗವಿಲ್ಲ. ಉದ್ದ, ಅಗಲ, ದಪ್ಪ ಮೂರೂ ಬೇಕು. ಗಂಟು ಎಷ್ಟಿವೆ, ಕೆಳ ಅಂಚು ಗುದದ್ವಾರದಿಂದ ಎಷ್ಟು ಸೆಂ.ಮೀ. ಮೇಲಿದೆ ಎಂಬುದೂ ಬೇಕು. ಕೆಳಗಿದ್ದಷ್ಟೂ, ಕರುಳು ಕತ್ತರಿಸಿ ಜೋಡಿಸಿದರೆ ಹೊಲಿಗೆ ಸೋರುವ ಅಪಾಯ ಹೆಚ್ಚು. ಈ ರೋಗ ಎಲ್ಲಿ, ಎಷ್ಟು ಇದೆ ಎಂಬುದನ್ನು ಸಂಕೇತದಲ್ಲಿ ಹೇಳುವ 2021ರ ಎನ್‌ಜಿಯನ್ ವರ್ಗೀಕರಣದಲ್ಲಿ ಗುದನಾಳದ ಅಕ್ಷರ ‘ಸಿ’: 1 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಿ1, 3ರವರೆಗೆ ಸಿ2, ಮೀರಿದರೆ ಸಿ3. ಇದನ್ನು ಅನುವಾದಿಸಲು ಹೋಗಬೇಡಿ.

ಅತಿ ಹೆಚ್ಚು ದಾರಿ ತಪ್ಪಿಸುವ ಪದ ‘ನೆಗೆಟಿವ್’. ಯೋನಿಯ ಮೂಲಕ ಮಾಡುವ ಒಳಸ್ಕ್ಯಾನ್‌ನಲ್ಲಿ ಪ್ರೋಬ್‌ನಿಂದ ಗರ್ಭಕಂಠವನ್ನು ಮೆಲ್ಲಗೆ ಒತ್ತಿ, ಗುದನಾಳ ಅದರ ಹಿಂದೆ ಸರಾಗವಾಗಿ ಜಾರುತ್ತದೆಯೇ ಎಂದು ನೋಡುತ್ತಾರೆ. ‘ಸ್ಲೈಡಿಂಗ್ ಸೈನ್ ನೆಗೆಟಿವ್’ ಎಂದರೆ ಜಾರಲಿಲ್ಲ, ಅಂಟಿಕೊಂಡಿದೆ ಎಂದರ್ಥ. ನಮ್ಮವರಿಗೆ ‘ನೆಗೆಟಿವ್ ಬಂತು’ ಎಂದರೆ ಸಿಹಿಸುದ್ದಿ! ‘ಜಾರುತ್ತಿಲ್ಲ, ಅಂಟಿದೆ’ ಎಂದೇ ಬರೆಯಿರಿ.

‘ಕೊಲೊನೊಸ್ಕೊಪಿ (ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ನಾರ್ಮಲ್’ ಎಂಬುದನ್ನೂ ‘ಕರುಳಿಗೆ ರೋಗವಿಲ್ಲ’ ಎಂದು ಹಿಗ್ಗಿಸಬಾರದು. ಈ ಅಂಗಾಂಶ ಹೊರಗೋಡೆಯಿಂದ ಸ್ನಾಯುಪದರಕ್ಕೆ ಇಳಿಯುತ್ತದೆ, ಒಳಪೊರೆಯವರೆಗೆ ಬರುವುದು ಅಪರೂಪ. ‘ಒಳಪೊರೆಯಲ್ಲಿ ದೋಷ ಕಾಣಲಿಲ್ಲ’ ಎಂದಷ್ಟೇ ಬರೆದರೆ ನಿಜಕ್ಕೆ ಹತ್ತಿರ.

ಮರುಪ್ರಶ್ನೆ: ಗಂಟು ತೆಗೆಯುವ ಶಸ್ತ್ರಚಿಕಿತ್ಸೆಯ ಪದಗಳಲ್ಲಿ ‘ಶೇವಿಂಗ್’ಗೆ?

ಉತ್ತರ: ‘ಹೆರೆಯುವುದು’. ತೆಂಗಿನಕಾಯಿ ನೆನಪಾದರೂ ಅಡ್ಡಿಯಿಲ್ಲ, ಗೋಡೆ ತೂತಾಗದಂತೆ ಮೇಲಿಂದ ತೆಗೆಯುವ ಕೆಲಸವೇ ಅದು. ‘ಡಿಸ್ಕಾಯ್ಡ್’ಗೆ ‘ಬಿಲ್ಲೆಯಾಗಿ ಕತ್ತರಿಸಿ ಹೊಲಿಯುವುದು’, ‘ಸೆಗ್ಮೆಂಟಲ್’ಗೆ ‘ತುಂಡು ತೆಗೆದು ಜೋಡಿಸುವುದು’.