ನಾಲ್ಕು ಇಂಪ್ಲಾಂಟ್, ಕ್ಲೋಸ್ಡ್ ಟ್ರೇ ಅಚ್ಚು, ಫ್ರೇಮ್ ಬಾಯಲ್ಲಿ ಕೂರುತ್ತಿಲ್ಲ

ಹಾಸನದ ಡೆಂಟಿಸ್ಟ್:
ಎಲ್ಲರಿಗೂ ನಮಸ್ಕಾರ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜಿಯೊಬ್ಬರಿಗೆ ನಾಲ್ಕು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿದ್ದೇನೆ, ಹಿಂದಿನ ಎರಡು ಓರೆ. ಕ್ಲೋಸ್ಡ್ ಟ್ರೇಯಲ್ಲಿ ಸಿಲಿಕೋನ್ ಅಚ್ಚು ತೆಗೆದೆ. ನಿನ್ನೆ ಲ್ಯಾಬಿನಿಂದ ಹಲ್ಲಿನ ಸೆಟ್ ಹೊರುವ ಲೋಹದ ಫ್ರೇಮ್ ಬಂತು. ಅಚ್ಚಿನಿಂದ ಎರೆದ ಮಾಡೆಲ್ ಮೇಲೆ ಚೆನ್ನಾಗಿದೆ, ಬಾಯಲ್ಲಿ ಬಲತುದಿಯ ಸ್ಕ್ರೂ ಒಂದನ್ನೇ ಬಿಗಿದರೆ ಎಡತುದಿ ಕೂದಲೆಳೆಯಷ್ಟು ಮೇಲೇಳುತ್ತದೆ. ನಾಲ್ಕೂ ಬಿಗಿದರೆ ಕೂತ ಹಾಗೆ ಕಾಣುತ್ತದೆ. ಹಾಗೇ ಬಿಡಬಹುದಾ? ಅಜ್ಜಿ ಎಷ್ಟೋ ತಿಂಗಳಿಂದ ಗಂಜಿಯಲ್ಲೇ ಇದ್ದಾರೆ, ಅಕ್ಕಿರೊಟ್ಟಿ ಯಾವಾಗ ತಿನ್ನಬಹುದು ಅಂತ ಬಂದಾಗಲೆಲ್ಲ ಕೇಳುತ್ತಾರೆ.

ಪ್ರಾಸ್ತೋ ಮೈಸೂರು:
ದಯವಿಟ್ಟು ಬಿಡಬೇಡಿ ಸರ್. ಅದು ಕೂತಿಲ್ಲ, ಸ್ಕ್ರೂ ಎಳೆದು ಬಗ್ಗಿಸಿದೆ ಅಷ್ಟೇ. ಸ್ವಂತ ಹಲ್ಲಿನ ಬೇರಿನ ಸುತ್ತ ನಾರಿನ ಪದರ ಇರುತ್ತದೆ, 100 ಮೈಕ್ರಾನ್ ಹತ್ತಿರ ಅಲುಗಿ ಹೊಂದಿಕೊಳ್ಳುತ್ತದೆ. ಇಂಪ್ಲಾಂಟ್ ಮೂಳೆಗೇ ಅಂಟಿರುವುದು, ಹೆಚ್ಚೂಕಡಿಮೆ 10 ಮೈಕ್ರಾನ್. ಮಿಕ್ಕ ಎಳೆತವೆಲ್ಲ ಸ್ಕ್ರೂ ಮೇಲೆ ಬೀಳುತ್ತದೆ, ಇವತ್ತಲ್ಲ ನಾಳೆ ಸಡಿಲವಾಗುತ್ತದೆ ಇಲ್ಲಾ ಮುರಿಯುತ್ತದೆ.

ಕ್ಲೋಸ್ಡ್ ಟ್ರೇಯಲ್ಲಿ ಕೋಪಿಂಗ್ (ಅಚ್ಚು ತೆಗೆಯಲು ಇಂಪ್ಲಾಂಟ್ ಮೇಲೆ ಕೂರಿಸುವ ತುಂಡು) ಬಾಯಲ್ಲೇ ಉಳಿಯುತ್ತದೆ, ಆಮೇಲೆ ಬಿಚ್ಚಿ ಕೈಯಿಂದ ಅಚ್ಚಿನೊಳಗೆ ಕೂರಿಸಬೇಕು. ಅದರ ಮೇಲೆ ಇಂಪ್ಲಾಂಟ್ ಓರೆ ಇದ್ದರೆ ಟ್ರೇ ಎಳೆಯುವಾಗಲೇ ಅಚ್ಚು ಹಿಗ್ಗುತ್ತದೆ. ಎರಡು ನೇರ ಇಂಪ್ಲಾಂಟ್‌ಗೆ ನಾನೂ ಅದನ್ನೇ ಬಳಸುತ್ತೇನೆ. ನಾಲ್ಕಾದರೆ ಓಪನ್ ಟ್ರೇ, ಟ್ರೇಯ ತೂತಿನಿಂದ ಸ್ಕ್ರೂ ಬಿಚ್ಚಿದರೆ ಕೋಪಿಂಗ್ ಅಚ್ಚಿನೊಳಗೇ ಬರುತ್ತದೆ. ಕೋಪಿಂಗ್‌ಗಳ ನಡುವೆ ಫ್ಲಾಸ್ ದಾರ ಸುತ್ತಿ ಪ್ಯಾಟರ್ನ್ ರೆಸಿನ್ ಹಚ್ಚುತ್ತೇನೆ, ಗಟ್ಟಿಯಾದ ಮೇಲೆ ತೆಳು ಡಿಸ್ಕಿನಲ್ಲಿ ಕೊಯ್ದು ಆ ಸೀಳಿಗೆ ಮಾತ್ರ ಚೂರು ರೆಸಿನ್ ತುಂಬಿ ಮತ್ತೆ ಸೇರಿಸುತ್ತೇನೆ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಕೊಯ್ಯದಿದ್ದರೆ ಕೋಪಿಂಗ್‌ಗಳನ್ನೇ ಎಳೆದುಬಿಡುತ್ತದೆ.

ಲ್ಯಾಬ್ ಕೆಲಸದವ:
ನಮ್ಮ ಕಡೆಯ ತಪ್ಪೂ ಇರಬಹುದು ಡಾಕ್ಟ್ರೇ. ಅನಲಾಗ್ (ಮಾಡೆಲ್‌ನಲ್ಲಿ ಇಂಪ್ಲಾಂಟ್ ಬದಲು ಇರುವ ತುಂಡು) ಕೋಪಿಂಗ್‌ಗೆ ತಿರುಗಿಸುವಾಗ ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯದಿದ್ದರೆ ಅಚ್ಚಿನೊಳಗೆ ಕೋಪಿಂಗ್ ಒಂದಿಷ್ಟು ಹೊರಳುತ್ತದೆ, ಕಣ್ಣಿಗೆ ಗೊತ್ತೇ ಆಗಲ್ಲ. ಲೋಹಕ್ಕೆ ಹೋಗುವ ಮೊದಲು ಮಾಡೆಲ್ ಮೇಲೆ ಪ್ಲಾಸ್ಟರ್ ಜಿಗ್ (ನಾಲ್ಕನ್ನೂ ಸೇರಿಸಿ ಹಿಡಿಯುವ ಪರೀಕ್ಷೆಯ ಪಟ್ಟಿ) ಮಾಡಿಸಿಕೊಳ್ಳಿ. ಬಾಯಲ್ಲಿ ಬಿಗಿದಾಗ ಅದು ಟಕ್ ಅಂತ ಬಿರುಕುಬಿಟ್ಟರೆ ಮಾಡೆಲ್ ಸುಳ್ಳು. ಪ್ಲಾಸ್ಟರ್ ಬಗ್ಗಲ್ಲ, ಅದಕ್ಕೇ ಅದನ್ನು ನಂಬಬಹುದು.

ಹಾಸನದ ಡೆಂಟಿಸ್ಟ್:
ಸ್ಕ್ಯಾನರ್‌ನಲ್ಲಿ ತೆಗೆದರೆ ಇದೆಲ್ಲ ತಪ್ಪುತ್ತಾ?

ಪ್ರಾಸ್ತೋ ಮೈಸೂರು:
ಒಂದು ಹಲ್ಲು, ಸಣ್ಣ ಬ್ರಿಡ್ಜ್‌ಗೆ ಧಾರಾಳವಾಗಿ. ಹಲ್ಲೇ ಇಲ್ಲದ ದವಡೆಯಲ್ಲಿ ಒದ್ದೆ ನುಣುಪು ಒಸಡು ಬಿಟ್ಟರೆ ಸ್ಕ್ಯಾನರ್‌ಗೆ ಗುರುತು ಸಿಗಲ್ಲ, ಚಿತ್ರಕ್ಕೆ ಚಿತ್ರ ಜೋಡಿಸುತ್ತಾ ಹೋಗಿ ಆ ತುದಿ ಮುಟ್ಟುವಷ್ಟರಲ್ಲಿ ತಪ್ಪು ಬೆಳೆದಿರುತ್ತದೆ. ಸ್ಕ್ಯಾನ್ ಮಾಡಿದರೂ ಜಿಗ್ ಬಿಡಬೇಡಿ.

ಹಾಸನದ ಡೆಂಟಿಸ್ಟ್:
ಸರಿ ಸರ್. ಈ ಫ್ರೇಮ್ ಲ್ಯಾಬಿಗೆ ವಾಪಸ್. ಸೋಮವಾರ ಅಜ್ಜಿಯನ್ನು ಕರೆಸಿ ಓಪನ್ ಟ್ರೇಯಲ್ಲಿ ತೆಗೆಯುತ್ತೇನೆ, ಜಿಗ್ ಬಿರುಕುಬಿಟ್ಟಿತಾ ಇಲ್ಲವಾ ಅಂತ ಇಲ್ಲೇ ಬರೆಯುತ್ತೇನೆ.