ಸಹಾಯ ಬೇಕು: ಕಾವಲೂರು ಭೇಟಿ ಮತ್ತು ದೂರದರ್ಶಕದ ಆಯ್ಕೆ

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಸಮೀಪದ ಕಾಫಿ ತೋಟದಲ್ಲಿ ವಾಸವಾಗಿರುವ ನಾನು ಸದ್ಯ 10×50 ಬೈನಾಕ್ಯುಲರ್‌ನಲ್ಲಿ ಆಕಾಶ ನೋಡುತ್ತಿದ್ದು, ಎರಡು ವಿಷಯಗಳಲ್ಲಿ ಅನುಭವಿಗಳ ಸಲಹೆ ಕೋರುತ್ತಿದ್ದೇನೆ.

ಮೊದಲನೆಯದು ದೂರದರ್ಶಕದ ಆಯ್ಕೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಆಕಾಶ ಕಾಣುವುದೇ ಅಪರೂಪ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಹಾವ್ಯಾಧ ನಕ್ಷತ್ರಪುಂಜ, ಅಗಸ್ತ್ಯ ನಕ್ಷತ್ರ ಚೆನ್ನಾಗಿ ಕಂಡರೂ, ಮರಗಳ ಮರೆಯಿಲ್ಲದ ಏಕೈಕ ಜಾಗವಾದ ಕಣದಲ್ಲಿ ಆಗ ಟಾರ್ಪಾಲು ಹೊದಿಸಿದ ಕಾಫಿ ರಾಶಿಗಳಿದ್ದು, ಕಳ್ಳರ ಭಯಕ್ಕೆ ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ. ದಿಗಂತದಿಂದ ಸುಮಾರು 12 ಡಿಗ್ರಿಯಷ್ಟೇ ಮೇಲಿರುವ ಧ್ರುವ ನಕ್ಷತ್ರವಂತೂ ಸಿಲ್ವರ್ ಓಕ್ ಮರಗಳ ಹಿಂದೆಯೇ ಉಳಿಯುತ್ತದೆ. ಹೀಗಾಗಿ ಗದ್ದೆ ಬಯಲಿಗೆ ಹೊತ್ತೊಯ್ಯಬಹುದಾದ 6 ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ದೂರದರ್ಶಕ) ಸಾಕೇ? ನಮ್ಮ ತೇವದ ಹವೆಯಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯದಂತೆ ಮಳೆಗಾಲದಲ್ಲಿ ಅದನ್ನು ಹೇಗೆ ಇಡಬೇಕು? ಸಿಲಿಕಾ ಜೆಲ್ ಹಾಕಿದ ಡಬ್ಬಿ ಬೈನಾಕ್ಯುಲರ್‌ಗೆ ಸಾಕಾಗಿದೆ, ಆದರೆ ಅಷ್ಟುದ್ದದ ಕೊಳವೆಗೆ ಯಾವ ಡಬ್ಬಿ! ಕೊಡಗಿನಲ್ಲೇ ದೂರದರ್ಶಕ ಇಟ್ಟುಕೊಂಡವರ ಮಾತು ನನಗೆ ಅಂಗಡಿಯವರ ಮಾತಿಗಿಂತ ಮುಖ್ಯ.

ಎರಡನೆಯದಾಗಿ, 1986ರಿಂದ 2.34 ಮೀಟರ್ ದೂರದರ್ಶಕ ಕೆಲಸ ಮಾಡುತ್ತಿರುವ ತಮಿಳುನಾಡಿನ ಕಾವಲೂರಿನ ವೈನು ಬಾಪು ವೀಕ್ಷಣಾಲಯಕ್ಕೆ ಮಕ್ಕಳೊಂದಿಗೆ ಹೋಗುವ ಆಸೆಯಿದೆ. ಇತ್ತೀಚೆಗೆ ಹೋಗಿಬಂದವರು ಅನುಮತಿಯ ಕ್ರಮ, ರಾತ್ರಿ ತಂಗಲು ಅನುಕೂಲವಾದ ಊರು ಹಾಗೂ ಜವ್ವಾದು ಬೆಟ್ಟದ ರಸ್ತೆಯ ಸ್ಥಿತಿಯನ್ನು ದಯವಿಟ್ಟು ತಿಳಿಸಬೇಕು. ಜೊತೆಗೆ ಬರಲು ಇಚ್ಛಿಸುವ ಕುಟುಂಬಗಳಿದ್ದರೆ, ಅಮಾವಾಸ್ಯೆಗೆ ಹತ್ತಿರದ ದಿನವೊಂದನ್ನು ಸೇರಿ ಗೊತ್ತುಮಾಡೋಣ.